ಕಲ್ಲಿನ ಗುಂಡಿಗೆ ಹೊಳಪು ಬರುವ ಬಗೆ

ವಸ್ತುಪ್ರದರ್ಶನಗಳಲ್ಲಿಯೂ ಹರಳಿನ ಅಂಗಡಿಗಳಲ್ಲಿಯೂ ಕಲ್ಲಿನ ನುಣುಪಾದ ಗುಂಡುಗಳನ್ನು ವಾಚಕರು ನೋಡಿರಬಹುದು. ಎಣ್ಣೆ ಸವರಿದಂತೆ ಹೊಳೆಯುವ ಆ ಗುಂಡಿನ ಮೇಲೆ ಎಣ್ಣೆಯೂ ಇರುವುದಿಲ್ಲ, ಮೆರುಗೆಣ್ಣೆಯೂ ಇರುವುದಿಲ್ಲ. ಹೊಳಪು ಕಲ್ಲಿನದೇ. ಅದು ಹೊರಗಿನಿಂದ ಹಚ್ಚಿದ್ದಲ್ಲ, ಗೀರುಗಳನ್ನು ಕಳೆದು ಹೊರತಂದದ್ದು. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಪಾಠದ ಉಳಿದ ಭಾಗವೆಲ್ಲ ಸುಲಭವಾಗುವುದು. ಕೊನೆಯಲ್ಲಿ ಒಂದು ಎಚ್ಚರಿಕೆಯ ಮಾತೂ ಇದೆ. ಅದನ್ನು ಓದದೆ ಯಾರೂ ಈ ಕೆಲಸಕ್ಕೆ ಕೈ ಹಾಕಬಾರದು.

ಹೊಳಪು ಎಂದರೇನು?

ಒರಟು ಮೈಯ ಮೇಲೆ ಬಿದ್ದ ಬೆಳಕು ನಾನಾ ದಿಕ್ಕುಗಳಿಗೆ ಚದರಿಹೋಗುತ್ತದೆ. ಆದ್ದರಿಂದ ಕಲ್ಲು ಮಂಕಾಗಿ ಕಾಣುತ್ತದೆ. ನುಣುಪಾದ ಮೈಯಿಂದ ಬೆಳಕು ಕ್ರಮವಾಗಿ ಹಿಂತಿರುಗುತ್ತದೆ. ಆಗ ಕಿಟಕಿಯ ಪ್ರತಿಬಿಂಬ ಗುಂಡಿನಲ್ಲಿ ಮೂಡುತ್ತದೆ. ಒರಟುತನವೆಂದರೆ ಗೀರುಗಳ ಸಮೂಹವಲ್ಲದೆ ಬೇರೇನೂ ಅಲ್ಲ. ದೊಡ್ಡ ಗೀರನ್ನು ಅಳಿಸಬೇಕಾದರೆ ಅದರ ಸುತ್ತಲಿನ ಕಲ್ಲನ್ನೆಲ್ಲ ಅದರ ಆಳದವರೆಗೆ ಸವೆಸಬೇಕು. ಸವೆಸುವಾಗ ಸಣ್ಣ ಗೀರುಗಳು ಬೀಳುತ್ತವೆ. ಅವನ್ನು ಇನ್ನೂ ಸಣ್ಣ ಗೀರುಗಳಿಂದ ಅಳಿಸಬೇಕು. ಹೀಗೆ ಇಳಿಯುತ್ತ ಹೋಗಿ, ಗೀರು ಬೆಳಕಿನ ಅಲೆಗಿಂತಲೂ ಚಿಕ್ಕದಾದಾಗ ಕಣ್ಣಿಗೆ ಕಾಣದಾಗುತ್ತದೆ. ಇದೇ ಹೊಳಪು.

ಗಡಸುತನದ ಲೆಕ್ಕ

ಯಾವ ಕಲ್ಲನ್ನು ಯಾವುದರಿಂದ ಉಜ್ಜಬೇಕು? ಇದಕ್ಕೆ ಜರ್ಮನಿಯ ಖನಿಜಶಾಸ್ತ್ರಜ್ಞ ಫ್ರೀಡ್ರಿಕ್ ಮೋಸ್ 1812ರಲ್ಲಿ ಒಂದು ಅಳತೆಯನ್ನು ಮಾಡಿಕೊಟ್ಟನು. ಬಳಪದ ಕಲ್ಲಿಗೆ 1, ವಜ್ರಕ್ಕೆ 10. ಅಮೃತಶಿಲೆಯ ಮುಖ್ಯ ಖನಿಜವಾದ ಕ್ಯಾಲ್ಸೈಟ್ 3ರಲ್ಲಿಯೂ ಬೆಣಚುಕಲ್ಲು 7ರಲ್ಲಿಯೂ ಕುರುಂದವು 9ರಲ್ಲಿಯೂ ನಿಲ್ಲುತ್ತವೆ. ಅಕೀಕ ಕಲ್ಲು ಬೆಣಚಿನ ಬಂಧುವೇ. ಅದರ ಗಡಸು ಆರೂವರೆಯಿಂದ ಏಳು. ಅದನ್ನು ಉಜ್ಜಲು ಸಿಲಿಕಾನ್ ಕಾರ್ಬೈಡ್ ಎಂಬ ಕೃತಕ ವಸ್ತುವಿನ ಪುಡಿಯನ್ನು ಬಳಸುತ್ತಾರೆ. ಇದರ ಗಡಸು 9ಕ್ಕಿಂತ ಸ್ವಲ್ಪ ಹೆಚ್ಚು. ಅಮೆರಿಕದ ಎಡ್ವರ್ಡ್ ಆಚೆಸನ್ ಇದನ್ನು ತಯಾರಿಸುವ ವಿಧಾನಕ್ಕೆ 1893ರಲ್ಲಿ ಪೇಟೆಂಟ್ ಪಡೆದನು.

ಈ ಲೆಕ್ಕದಿಂದ ಒಂದು ನಿಯಮ ಹೊರಡುತ್ತದೆ. ಗಡಸು ಬೇರೆಬೇರೆಯಾದ ಕಲ್ಲುಗಳನ್ನು ಒಂದೇ ಪಾತ್ರೆಯಲ್ಲಿ ಹಾಕಬಾರದು. ಅಕೀಕದ ಜೊತೆಗೆ ಅಮೃತಶಿಲೆಯನ್ನು ಹಾಕಿದರೆ ಮೆತ್ತನೆಯದು ಸವೆದುಹೋಗುವುದು, ಗಟ್ಟಿಯದಕ್ಕೆ ಹೊಳಪೂ ಬಾರದು.

ಯಂತ್ರದ ಕೆಲಸ

ಕಲ್ಲುಗಳನ್ನು ನಯಮಾಡುವ ಯಂತ್ರಗಳು ಎರಡು ಬಗೆ. ಮೊದಲನೆಯದು ಉರುಳುವ ಪೀಪಾಯಿ. ಇದರಲ್ಲಿ ಕಲ್ಲುಗಳು ಮೇಲೇರಿ ಕೆಳಕ್ಕೆ ಜಾರುತ್ತವೆ. ಮೂಲೆಗಳು ಸವೆದು ಹೊಳೆಯ ಕಲ್ಲಿನ ಆಕಾರ ಬರುತ್ತದೆ. ಒಂದೊಂದು ಹಂತಕ್ಕೂ ಸುಮಾರು ಒಂದು ವಾರ ಬೇಕು. ಎರಡನೆಯದು ಕಂಪನ ಯಂತ್ರ. ಇದರ ಬೋಗುಣಿ ಸ್ಪ್ರಿಂಗುಗಳ ಮೇಲೆ ಕೂತಿರುತ್ತದೆ. ಕೆಳಗಿನ ಮೋಟಾರಿನ ದಂಡಕ್ಕೆ ಒಂದು ಪಕ್ಕದಲ್ಲಿ ಮಾತ್ರ ಭಾರ ಕಟ್ಟಿರುತ್ತಾರೆ. ಮೋಟಾರು ತಿರುಗಿದಾಗ ಬೋಗುಣಿ ನಿಮಿಷಕ್ಕೆ ಸಾವಿರಾರು ಸಲ ನಡುಗುತ್ತದೆ. ಒಳಗಿನ ಕಲ್ಲುಗಳು ಒಂದಕ್ಕೊಂದು ಒರಸಿಕೊಳ್ಳುತ್ತ ಮೆಲ್ಲನೆ ಸುತ್ತುತ್ತವೆ. ಇಲ್ಲಿ ಆಕಾರ ಹೆಚ್ಚು ಬದಲಾಗದು, ಮೈ ಮಾತ್ರ ನಯವಾಗುವುದು. ಒಂದು ಹಂತ ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮುಗಿಯುತ್ತದೆ.

ಆದ್ದರಿಂದ ಕಂಪನ ಯಂತ್ರವು ಗುಂಡನ್ನು ಮಾಡಲಾರದು; ಆಗಲೇ ಗುಂಡಾಗಿರುವುದಕ್ಕೆ ಹೊಳಪು ಕೊಡಬಲ್ಲದು. ಗುಂಡನ್ನು ಮಾಡುವ ಯಂತ್ರ ಬೇರೆ. ಅದರಲ್ಲಿ ತಿರುಗುವ ಬಟ್ಟಲುಗಳ ನಡುವೆ ಕಲ್ಲನ್ನು ಹಿಡಿದು ಎಲ್ಲ ಕಡೆಯಿಂದಲೂ ಸವೆಸುತ್ತಾರೆ. ಅಲ್ಲಿ ಉಳಿದ ಚಪ್ಪಟೆಯನ್ನು ಕಂಪನ ಯಂತ್ರ ತಿದ್ದಲಾರದು.

ಗುಂಡಿಗೆ ಒಂದು ಅನುಕೂಲವೂ ಒಂದು ಅಪಾಯವೂ ಉಂಟು. ಮೂಲೆಯಿಲ್ಲದ ಕಾರಣ ಅದು ಎಲ್ಲ ಕಡೆಗೂ ಹೊರಳಿ, ಮೈಯೆಲ್ಲ ಸಮವಾಗಿ ಉಜ್ಜಿಸಿಕೊಳ್ಳುತ್ತದೆ. ಆದರೆ ಭಾರವಾದ ಎರಡು ಗುಂಡುಗಳು ನೇರವಾಗಿ ತಾಗಿದರೆ ಅರ್ಧಚಂದ್ರದಂತಹ ಸಣ್ಣ ಬಿರುಕುಗಳು ಬೀಳುತ್ತವೆ. ಇದನ್ನು ತಪ್ಪಿಸಲು ಬೋಗುಣಿಯಲ್ಲಿ ಕೆಲವೇ ಗುಂಡುಗಳನ್ನಿಟ್ಟು, ಉಳಿದ ಜಾಗವನ್ನು ಪಿಂಗಾಣಿಯ ಗುಳಿಗೆಗಳಿಂದಲೋ ಅದೇ ಜಾತಿಯ ಚಿಕ್ಕ ಕಲ್ಲುಗಳಿಂದಲೋ ತುಂಬಬೇಕು. ಈ ಗುಳಿಗೆಗಳು ಮೆತ್ತೆಯೂ ಹೌದು, ಪುಡಿಯನ್ನು ಗುಂಡಿನ ಮೈಗೆ ಒಯ್ಯುವ ಆಳುಗಳೂ ಹೌದು.

ಹಂತಗಳು

ಉಜ್ಜುವ ಪುಡಿಯನ್ನು ನಂಬರಿನಿಂದ ಗುರುತಿಸುತ್ತಾರೆ. ನಂಬರು ಹೆಚ್ಚಿದಷ್ಟೂ ಪುಡಿ ನಯ. 220ನೇ ನಂಬರಿನ ಕಣ ಸುಮಾರು 60ರಿಂದ 70 ಮೈಕ್ರಾನ್; ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಮೊದಲು 220, ಬಳಿಕ 500, ಅನಂತರ 1000, ಕೊನೆಗೆ ಅಲ್ಯೂಮಿನಿಯಂ ಆಕ್ಸೈಡ್ ಅಥವಾ ಸೀರಿಯಂ ಆಕ್ಸೈಡಿನ ಅತಿ ನಯವಾದ ಪುಡಿ ಎಂಬುದು ರೂಢಿಯಲ್ಲಿರುವ ಕ್ರಮ.

ನೀರು ಬಹಳ ಕಡಮೆ ಸಾಕು. ಕಲ್ಲುಗಳ ಮೈ ಒದ್ದೆಯಾಗಿ ಮಿನುಗಿದರೆ ಆಯಿತು. ನೀರು ಹೆಚ್ಚಾದರೆ ಪುಡಿ ತಳಕ್ಕೆ ಇಳಿದು ಕೆಲಸ ನಿಲ್ಲುತ್ತದೆ. ಆರಿದರೆ ರಾಡಿ ಅಂಟಾಗಿ ಕಲ್ಲುಗಳು ಚಲಿಸುವುದಿಲ್ಲ. ಆಗಾಗ ನೋಡಿ, ರಾಡಿ ಗಟ್ಟಿಯಾದಾಗ ನಾಲ್ಕಾರು ಹನಿ ನೀರು ಹಾಕುತ್ತಿರಬೇಕು.

ಒಂದು ಹಂತ ಮುಗಿದೊಡನೆ ಗುಂಡು, ಗುಳಿಗೆ, ಬೋಗುಣಿ, ಮುಚ್ಚಳ ಎಲ್ಲವನ್ನೂ ತೊಳೆಯಬೇಕು. 220ರ ಕೆಲವೇ ಕಣಗಳು ಕೊನೆಯ ಹಂತಕ್ಕೆ ಸೇರಿಕೊಂಡರೂ ಹೊಳಪಿನ ಮೇಲೆ ಗೀರು ಎಳೆಯುತ್ತವೆ. ತೊಳೆದ ರಾಡಿಯನ್ನು ಬಚ್ಚಲಿಗೆ ಸುರಿಯಬಾರದು. ಅದು ಕೊಳವೆಯ ಬಾಗಿನಲ್ಲಿ ಇಳಿದು ಗಟ್ಟಿಯಾಗುತ್ತದೆ.

ಮುಂದಿನ ಹಂತಕ್ಕೆ ಹೋಗಬಹುದೇ ಎಂಬುದನ್ನು ನಿರ್ಣಯಿಸುವಾಗ ಎಲ್ಲರೂ ಮೋಸಹೋಗುವ ಸ್ಥಳ ಒಂದಿದೆ. ಒದ್ದೆ ಕಲ್ಲು ಸುಳ್ಳು ಹೇಳುತ್ತದೆ. ನೀರು ಗೀರುಗಳಲ್ಲಿ ತುಂಬಿಕೊಂಡು ಮಂಕು ಗುಂಡನ್ನೂ ಹೊಳೆಯುವಂತೆ ತೋರಿಸುತ್ತದೆ. ಗುಂಡನ್ನು ಚೆನ್ನಾಗಿ ಒರಸಿ, ಆರಲು ಬಿಟ್ಟು, ಓರೆಯಾದ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ನೋಡತಕ್ಕದ್ದು. ಹಿಂದಿನ ಹಂತದ ಒಂದು ಗೀರು ಕಂಡರೂ ಅದೇ ಹಂತವನ್ನು ಮುಂದುವರಿಸಬೇಕು. ಕೊನೆಯ ಪುಡಿ ಎಷ್ಟೇ ಬೆಲೆಯದಾದರೂ ಮೊದಲ ಹಂತದ ಸೋಮಾರಿತನವನ್ನು ಮುಚ್ಚಲಾರದು.

ಖಂಭಾತದ ಚೀಲ

ಕಲ್ಲಿನೊಡನೆ ಕಲ್ಲನ್ನು ಉರುಳಿಸಿ ನಯಮಾಡುವ ಉಪಾಯ ಹೊಸದೇನಲ್ಲ. ಗುಜರಾತಿನ ಖಂಭಾತದಲ್ಲಿ ಅಕೀಕದ ಮಣಿಗಳನ್ನು ಮಾಡುವ ಕಸುಬು ಬಹು ಹಳೆಯದು. ರತನ್‌ಪುರದ ಗಣಿಗಳ ಕಲ್ಲನ್ನು ಅಲ್ಲಿಗೆ ತರುತ್ತಿದ್ದರು. ಹಿಂದೆ ಮಣಿಗಳನ್ನು ಕುರುಂದದ ಪುಡಿ, ಅಕೀಕದ ಹುಡಿ ಮತ್ತು ನೀರಿನೊಡನೆ ತೊಗಲಿನ ಚೀಲದಲ್ಲಿ ಬಿಗಿದು, ಇಬ್ಬರು ಎದುರುಬದುರು ಕುಳಿತು ಆ ಚೀಲವನ್ನು ಅತ್ತಿಂದಿತ್ತ ಉರುಳಿಸುತ್ತಿದ್ದರು. ಹತ್ತು ಹದಿನೈದು ದಿನ ಹೀಗೆ ನಡೆದ ಮೇಲೆ ಹೊಳಪು ಬರುತ್ತಿತ್ತು. ಈಗ ಆ ಸ್ಥಾನದಲ್ಲಿ ವಿದ್ಯುತ್ತಿನಿಂದ ತಿರುಗುವ ಪೀಪಾಯಿಗಳಿವೆ.

ಅದೇ ಕೊಲ್ಲಿಯ ನೆತ್ತಿಯಲ್ಲಿರುವ ಲೋಥಲ್‌ನಲ್ಲಿ 1955ರಿಂದ ನಡೆದ ಉತ್ಖನನದಲ್ಲಿ ಹರಪ್ಪ ಕಾಲದ ಮಣಿ ತಯಾರಿಕೆಯ ಕಾರ್ಯಶಾಲೆ ದೊರೆಯಿತು. ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ಅಲ್ಲಿ ಅಕೀಕದ ಕೆಲಸ ನಡೆದಿತ್ತು. ಆ ಉತ್ಖನನದ ಮುಖ್ಯಸ್ಥರಾಗಿದ್ದ ಡಾ. ಎಸ್. ಆರ್. ರಾವ್ (1922–2013) ಕನ್ನಡ ನಾಡಿನವರೆಂಬುದು ನಮಗೆ ಸಂತೋಷದ ಸಂಗತಿ.

ಎಚ್ಚರಿಕೆ

ಈ ಕಸುಬಿಗೆ ಒಂದು ಕರಾಳ ಮುಖವೂ ಉಂಟು. ಹೊಳಪು ಕೊಡುವ ಕೆಲಸ ನೀರಿನಲ್ಲಿ ನಡೆಯುತ್ತದೆ. ಆದರೆ ಅದಕ್ಕೆ ಮೊದಲು ಮಣಿಯನ್ನು ಗುಂಡಗೆ ಮಾಡಲು ಒಣ ಕಲ್ಲನ್ನು ಸಾಣೆಚಕ್ರಕ್ಕೆ ಹಿಡಿದಾಗ ಬಿಳಿಯ ದೂಳು ಏಳುತ್ತದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾ ಕಣಗಳು ಪುಪ್ಪುಸದ ಆಳಕ್ಕೆ ಇಳಿದು ಅಲ್ಲಿಯೇ ನಿಲ್ಲುತ್ತವೆ. ಪುಪ್ಪುಸ ಗಾಯಗಟ್ಟಿ ಗಡುಸಾಗುತ್ತ ಬರುತ್ತದೆ. ಇದೇ ಸಿಲಿಕೋಸಿಸ್ ರೋಗ. ಇದಕ್ಕೆ ಗುಣಪಡಿಸುವ ಮದ್ದಿಲ್ಲ. ಕ್ಷಯವೂ ಸುಲಭವಾಗಿ ಅಂಟಿಕೊಳ್ಳುತ್ತದೆ. ಖಂಭಾತದ ಅಕೀಕ ಕೆಲಸಗಾರರಲ್ಲಿ ಈ ರೋಗವಿರುವುದನ್ನು ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆ ತನ್ನ ಅಧ್ಯಯನಗಳಲ್ಲಿ ದಾಖಲಿಸಿದೆ. ಮನೆಯಲ್ಲಿಯೇ ಚಕ್ರ ತಿರುಗುವ ಕಡೆ ಹೆಂಗಸರು ಮಕ್ಕಳೂ ಅದೇ ಗಾಳಿಯನ್ನು ಉಸಿರಾಡಬೇಕಾಗುತ್ತದೆ.

ಆದಕಾರಣ ಹವ್ಯಾಸಕ್ಕಾಗಲಿ ಹೊಟ್ಟೆಪಾಡಿಗಾಗಲಿ ಒಣಕಲ್ಲನ್ನು ಉಜ್ಜಬಾರದು. ಚಕ್ರದ ಮೇಲೆ ಸದಾ ನೀರು ಬೀಳುತ್ತಿರಬೇಕು. ಮೂಗಿಗೆ ಕಟ್ಟಿದ ಬಟ್ಟೆ ಈ ದೂಳನ್ನು ತಡೆಯದು. ನೆಲಕ್ಕೆ ಚೆಲ್ಲಿದ ರಾಡಿಯನ್ನು ಒದ್ದೆಯಿರುವಾಗಲೇ ಒರಸಿ ತೆಗೆಯಬೇಕು. ಒಣಗಿದ ಮೇಲೆ ಕಸಬರಿಕೆಯಿಂದ ಗುಡಿಸಿದರೆ ಅದೂ ದೂಳೇ. ಮಣಿಯ ಸರವನ್ನು ಕೊಳ್ಳುವವರೂ ಅದರ ಹೊಳಪಿನ ಹಿಂದೆ ಒಬ್ಬನ ಉಸಿರಿದೆಯೆಂಬುದನ್ನು ನೆನೆಯುವುದು ಒಳ್ಳೆಯದು.

ಅಭ್ಯಾಸಕ್ಕೆ ಪ್ರಶ್ನೆಗಳು

1. ಒದ್ದೆ ಕಲ್ಲನ್ನು ನೋಡಿ ಹೊಳಪನ್ನು ಏಕೆ ನಿರ್ಣಯಿಸಬಾರದು?
2. ಉರುಳುವ ಪೀಪಾಯಿಗೂ ಕಂಪನ ಯಂತ್ರಕ್ಕೂ ಇರುವ ವ್ಯತ್ಯಾಸವೇನು?
3. ಅಕೀಕವನ್ನೂ ಅಮೃತಶಿಲೆಯನ್ನೂ ಒಟ್ಟಿಗೆ ಹಾಕಿದರೆ ಏನಾಗುವುದು?
4. ಒಣಗಿದ ರಾಡಿಯನ್ನು ಗುಡಿಸುವುದರಿಂದ ಬರುವ ಅಪಾಯವನ್ನು ವಿವರಿಸಿರಿ.