ಟೈರಿನ ಒಳಬದಿ ಮಾತ್ರ ಯಾಕೆ ಬೋಳಾಗುತ್ತದೆ?

ಪ್ರಶ್ನೆ: ನಮ್ಮದು ಒಂದೂವರೆ ಟನ್ ಹೊರುವ ಪಿಕಪ್. ಚಿಂತಾಮಣಿ ಕಡೆಯ ಹಳ್ಳಿಗಳಿಂದ ಕೋಲಾರದ ಮಾರುಕಟ್ಟೆಗೆ ಟೊಮೆಟೊ ಹೊಡೆಯುತ್ತೇನೆ. ಸುಗ್ಗಿಯಲ್ಲಿ ಒಂದು ಲೋಡಿಗೆ 120 ಕ್ರೇಟ್ ಆಗುತ್ತದೆ. ಈಗ ಗಾಡಿ 70 ದಾಟಿದರೆ ಸ್ಟೇರಿಂಗ್ ಗಡಗಡ ನಡುಗುತ್ತದೆ. ಎಡಗಡೆ ಮುಂದಿನ ಟೈರಿನ ಒಳಬದಿ ಬೋಳಾಗಿದೆ, ಹೊರಬದಿಯ ಗೆರೆ ಇನ್ನೂ ಆಳವಾಗಿದೆ. ಎರಡು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ನಾಲ್ಕು ದಿನಕ್ಕೆ ಮತ್ತೆ ಅದೇ ನಡುಕ. ಹೊಸ ಟೈರು ಹಾಕಿಸಿದರೆ ಸರಿಹೋಗುತ್ತದೆಯೇ?

ಉತ್ತರ: ನಡುಕ ಸ್ವಲ್ಪ ದಿನ ಹೋಗುತ್ತದೆ, ಆದರೆ ಹೊಸ ಟೈರಿನ ಒಳಬದಿಯೂ ಹೀಗೇ ಬೋಳಾಗುತ್ತದೆ. ಅದಕ್ಕೇ ಹೇಳುವುದು, ದುಡ್ಡು ಬಿಚ್ಚುವ ಮೊದಲು ಈಗಿರುವ ಟೈರನ್ನು ಕೈಯಿಟ್ಟು ನೋಡಿ. ಗಾಡಿಯಲ್ಲಿ ಏನು ಕೆಟ್ಟಿದೆ ಅನ್ನುವುದು ಅದರ ಮೈಮೇಲೇ ಇರುತ್ತದೆ.

ಮುಂದಿನ ಲೋಡಿಗೆ ಹೋಗುವ ಮುಂಚೆ ಎರಡು ಕೆಲಸ ಮಾಡಿಬಿಡಿ. ವೀಲ್ ನಟ್ಟುಗಳನ್ನೆಲ್ಲ ಸ್ಪ್ಯಾನರ್ ಹಾಕಿ ಬಿಗಿ ನೋಡಿ. ಆಮೇಲೆ ಆ ಎಡ ಚಕ್ರವನ್ನು ಜಾಕಿಯಲ್ಲಿ ಎತ್ತಿ ನಿಧಾನಕ್ಕೆ ತಿರುಗಿಸಿ. ಎಲ್ಲಾದರೂ ಉಬ್ಬು ಕಂಡರೆ, ಸವೆದ ಕಡೆ ತಂತಿ ಇಣುಕಿದ್ದರೆ, ಆ ಟೈರಿನಲ್ಲಿ ಒಂದು ಕಿಲೋಮೀಟರೂ ಓಡಿಸಬೇಡಿ. ಒಳಗಿನ ಉಕ್ಕಿನ ಪದರ ಬಿಟ್ಟುಕೊಂಡ ಟೈರು 20-30ರ ವೇಗದಲ್ಲೇ ತೂಗಾಡುತ್ತದೆ. ತುಂಬಿದ ಗಾಡಿಯ ಮುಂದಿನ ಟೈರು ಹೆದ್ದಾರಿಯಲ್ಲಿ ಒಡೆದರೆ ಸ್ಟೇರಿಂಗ್ ಕೈಯಲ್ಲಿ ನಿಲ್ಲುವುದಿಲ್ಲ.

ಅವೆರಡೂ ಸರಿಯಿದ್ದರೆ ನಡುಕದ ವಿಷಯಕ್ಕೆ ಬರೋಣ. ನಡುಕ ನಿಮಗೆ ಎಲ್ಲಿ ಸಿಗುತ್ತದೆ? ಸ್ಟೇರಿಂಗಿನಲ್ಲಿ ಸಿಕ್ಕರೆ ಸಾಮಾನ್ಯವಾಗಿ ಮುಂದಿನ ಚಕ್ರದ ದೂರು, ಸೀಟಿನ ಕೆಳಗೆ ಸಿಕ್ಕರೆ ಹಿಂದಿನದು. ಬ್ರೇಕ್ ಒತ್ತಿದಾಗ ಮಾತ್ರ ಬಂದರೆ ಡಿಸ್ಕ್ ಅಥವಾ ಡ್ರಮ್ ನೋಡಿಸಬೇಕು. ಆಕ್ಸಿಲರೇಟರ್ ತುಳಿದಾಗ ಬಂದು, ಕಾಲು ತೆಗೆದರೆ ನಿಂತರೆ, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಹೋಗಿರಬಹುದು. ನಿಮ್ಮದು ವೇಗಕ್ಕೆ ತಕ್ಕಂತೆ ಬರುವ ನಡುಕ, ಅದೂ ಸ್ಟೇರಿಂಗಿನಲ್ಲಿ. ಹಾಗಾಗಿ ಬ್ಯಾಲೆನ್ಸಿಂಗ್ ಮಾಡಿಸಿದ್ದು ತಪ್ಪಲ್ಲ. 15 ಇಂಚಿನ ರಿಮ್ಮಿನ ಅಂಚಿನಲ್ಲಿ ಬರೀ 50 ಗ್ರಾಂ ಹೆಚ್ಚುಕಡಿಮೆ ಇದ್ದರೂ 80ರ ವೇಗದಲ್ಲಿ ಅದು ಸುಮಾರು ನಾಲ್ಕು ಕಿಲೋ ಭಾರದಷ್ಟು ಬಲದಿಂದ ಚಕ್ರವನ್ನು ಎಳೆದಾಡುತ್ತದೆ, ಸೆಕೆಂಡಿಗೆ ಹತ್ತು ಸಲ. 40ರಲ್ಲಿ ಅದೇ ಬಲ ಒಂದು ಕಿಲೋಗೆ ಇಳಿಯುತ್ತದೆ. ಊರೊಳಗೆ ತೆಪ್ಪಗಿರುವ ಗಾಡಿ ಹೆದ್ದಾರಿಗೆ ಬಂದ ಕೂಡಲೇ ನಡುಗುವುದು ಇದಕ್ಕೇ.

ಆದರೆ ಬ್ಯಾಲೆನ್ಸಿಂಗ್ ನಾಲ್ಕು ದಿನಕ್ಕೇ ಹಾಳಾಯಿತು ಎಂದರೆ ಏನೋ ಬದಲಾಗಿದೆ. ರಿಮ್ಮಿನ ಒಳಗೆ ಕೈಹಾಕಿ ನೋಡಿ. ಮಳೆಗಾಲದಲ್ಲಿ ಹೊಲದ ಬದುವಿನವರೆಗೂ ಗಾಡಿ ಇಳಿಸುತ್ತೀರಿ, ಕೆಂಪು ಮಣ್ಣು ರಿಮ್ಮಿನ ಒಳಬದಿಗೆ ಮೆತ್ತಿಕೊಂಡು ಒಣಗಿ ಇಟ್ಟಿಗೆಯಂತಾಗುತ್ತದೆ. ನಮ್ಮ ಗಾಡಿಯಲ್ಲೂ ಒಮ್ಮೆ ಹೀಗೇ ನಡುಕ ಹಿಡಿದಿತ್ತು. ಚಕ್ರ ಬಿಚ್ಚಿ ನೋಡಿದರೆ ಅಂಗೈ ಅಗಲದ ಹೆಂಟೆ ಅಂಟಿಕೊಂಡಿತ್ತು. ಕೆರೆದು ತೊಳೆದೆವು, ಅಲ್ಲಿಗೆ ಮುಗಿಯಿತು. ಬ್ಯಾಲೆನ್ಸಿಂಗಿಗೆಂದು ರಿಮ್ಮಿಗೆ ಹೊಡೆದ ಸೀಸದ ತುಂಡು ಹಾರಿಹೋಗಿದ್ದರೂ ಇದೇ ಆಗುತ್ತದೆ. ತುಂಡು ಹೊಡೆದಿದ್ದ ಜಾಗದಲ್ಲಿ ರಿಮ್ಮಿನ ಬಣ್ಣ ಬೇರೆಯಾಗಿ ಕಾಣುತ್ತದೆ, ಗಮನಿಸಿ.

ಮಣ್ಣೂ ಇಲ್ಲ, ಸೀಸವೂ ಜಾಗದಲ್ಲೇ ಇದೆ ಎಂದರೆ ಅಸಲಿ ಸಮಸ್ಯೆ ಆ ಸವೆತ. ಅಂಗೈಯನ್ನು ಟೈರಿನ ಮೇಲೆ ಒಳಗಿನಿಂದ ಹೊರಗೆ, ಆಮೇಲೆ ಹೊರಗಿನಿಂದ ಒಳಗೆ ಸವರಿ. ತಂತಿ ಇಣುಕಿಲ್ಲ ಅನ್ನುವುದು ಖಾತ್ರಿಯಾದ ಮೇಲೆ ಮಾತ್ರ. ಒಂದು ದಿಕ್ಕಿಗೆ ನುಣ್ಣಗೆ ಜಾರಿ, ವಾಪಸ್ ಬರುವಾಗ ಗರಗಸದ ಹಲ್ಲಿನಂತೆ ಕೈಗೆ ತಡೆದರೆ ಚಕ್ರ ನೇರ ಉರುಳುತ್ತಿಲ್ಲ, ಅಡ್ಡ ಉಜ್ಜಿಕೊಂಡು ಹೋಗುತ್ತಿದೆ. ಅಲೈನ್‌ಮೆಂಟಿನವರು ಟೋ ಹೋಗಿದೆ ಅನ್ನುವುದು ಇದನ್ನೇ. ರಿಮ್ಮಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ 3 ಮಿಲಿಮೀಟರ್ ವ್ಯತ್ಯಾಸ ಬಂದರೆ, ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಆ ಚಕ್ರ ಏಳೆಂಟು ಮೀಟರ್ ಅಡ್ಡ ಉಜ್ಜಿರುತ್ತದೆ. ಅಲ್ಲಲ್ಲಿ ಬಟ್ಟಲಿನಂತೆ ತಗ್ಗು ಬಿದ್ದಿದ್ದರೆ ಶಾಕ್ ಅಬ್ಸಾರ್ಬರ್ ಸತ್ತಿದೆ. ನಡುವೆ ಮಾತ್ರ ಸವೆದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದರೆ ಗಾಳಿ ಕಡಿಮೆ.

ಟೋ ಒಂದೇ ಕೆಟ್ಟಿದ್ದರೆ ಸವೆತ ಸಾಮಾನ್ಯವಾಗಿ ಮುಂದಿನ ಎರಡೂ ಟೈರಿಗೆ ಹಂಚಿಹೋಗುತ್ತದೆ. ನಿಮ್ಮದರಲ್ಲಿ ಎಡದ್ದು ಮಾತ್ರ, ಅದೂ ಒಳಬದಿ ಮಾತ್ರ. ಹಾಗಾಗಿ ಆ ಚಕ್ರದ ತಲೆ ಒಳಕ್ಕೆ ವಾಲಿದೆ ಅನ್ನುವುದು ನನ್ನ ಬಲವಾದ ಅನುಮಾನ. ಎಡವೇ ಯಾಕೆ? ನಿಮ್ಮ ದಾರಿಯನ್ನೇ ನೆನೆಸಿಕೊಳ್ಳಿ. ಕಿರಿದಾದ ರಸ್ತೆಯಲ್ಲಿ ಎದುರಿಗೆ ಬಸ್ಸು ಬಂದಾಗಲೆಲ್ಲ ನಿಮ್ಮ ಎಡ ಚಕ್ರ ಡಾಂಬರಿನಿಂದ ಮಣ್ಣಿಗೆ ಇಳಿಯುತ್ತದೆ, ಮತ್ತೆ ಅಂಚಿಗೆ ಗುದ್ದಿಕೊಂಡು ಮೇಲೆ ಹತ್ತುತ್ತದೆ. ಲೋಡಿನ ಸಮೇತ ದಿನಕ್ಕೆ ಎಷ್ಟು ಸಲವೋ! ಬಾಲ್ ಜಾಯಿಂಟು, ಬುಶ್ಶು ಎಷ್ಟೆಂದು ತಡೆಯುತ್ತವೆ?

ಚಕ್ರವನ್ನು ಎತ್ತಿ, ಜಾಕಿಯ ಪಕ್ಕ ಸ್ಟ್ಯಾಂಡ್ ಕೊಟ್ಟು, ಟೈರನ್ನು ಮೇಲೆ ಕೆಳಗೆ ಎರಡೂ ಕೈಯಲ್ಲಿ ಹಿಡಿದು ಅಲುಗಿಸಿ. ಟಕ್ ಟಕ್ ಅಂದರೆ ಬಾಲ್ ಜಾಯಿಂಟು ಅಥವಾ ವೀಲ್ ಬೇರಿಂಗು ಸಡಿಲ. ಮುಂದೆ ಒಂದೇ ಅಖಂಡ ಆಕ್ಸಲ್ ಇರುವ ಗಾಡಿಯಾದರೆ ಕಿಂಗ್ ಪಿನ್. ಎಡಬಲಕ್ಕೆ ಹಿಡಿದು ಅಲುಗಿಸಿದಾಗ ಆಟ ಸಿಕ್ಕರೆ ಟೈ ರಾಡ್ ಎಂಡ್. ಇನ್ನೊಬ್ಬರು ಕೆಳಗೆ ಬಗ್ಗಿ ಟಾರ್ಚ್ ಹಾಕಿದರೆ ಯಾವ ಜಾಯಿಂಟು ಕುಣಿಯುತ್ತಿದೆ ಎಂದು ಕಣ್ಣಿಗೇ ಕಾಣುತ್ತದೆ.

ರಿಪೇರಿಯ ಕ್ರಮ ತಪ್ಪಬಾರದು. ಮೊದಲು ಸಡಿಲವಾದ ಭಾಗ ಬದಲಾಯಿಸಿ, ಆಮೇಲೆ ಅಲೈನ್‌ಮೆಂಟ್, ಕೊನೆಗೆ ಬ್ಯಾಲೆನ್ಸಿಂಗ್. ಜಾಯಿಂಟು ಅಲುಗುತ್ತಿರುವಾಗ ಮಾಡಿಸಿದ ಅಲೈನ್‌ಮೆಂಟು ಮೊದಲ ಹಳ್ಳದಲ್ಲೇ ಹೋಗುತ್ತದೆ. ಸವೆದ ಟೈರಿಗೆ ಇನ್ನಷ್ಟು ಸೀಸ ಹೊಡೆಸುವುದೂ ವ್ಯರ್ಥ. ಒಳಬದಿ ಹೀಗೆ ಹೋದ ಟೈರಿಗೆ ಮತ್ತೆ ಆಕಾರ ಬರುವುದಿಲ್ಲ. ಗೆರೆಯ ನಡುವಿನ ಚಿಕ್ಕ ರಬ್ಬರ್ ದಿಬ್ಬ 1.6 ಮಿಲಿಮೀಟರಿನ ಗುರುತು. ಟೈರಿನ ಯಾವುದೇ ಭಾಗ ಅದರ ಮಟ್ಟಕ್ಕೆ ಇಳಿದಿದ್ದರೆ ಕೆಳಗಿಳಿಸಿ. ಟೈರ್ ಕೊಳ್ಳುವಾಗ ಬದಿಯ ಮೇಲಿನ ನಾಲ್ಕಂಕಿ ಓದಿ: 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು.

ಇನ್ನು ಆ 120 ಕ್ರೇಟು. ಕೋಲಾರದ ಲೆಕ್ಕದಲ್ಲಿ ಒಂದು ಕ್ರೇಟಿಗೆ 15 ಕಿಲೋ ಟೊಮೆಟೊ, ಅಂದರೆ ನೂರಕ್ಕೇ ಒಂದೂವರೆ ಟನ್ ತುಂಬಿತು. 120 ಅಂದರೆ 1,800 ಕಿಲೋ, ಖಾಲಿ ಕ್ರೇಟಿನ ತೂಕ ಬೇರೆ. ಬಾಡಿಗೆಯ ಕಷ್ಟ ನನಗೆ ಗೊತ್ತು, ಸುಗ್ಗಿ ಕೆಲವೇ ತಿಂಗಳಿಗೆ ಮುಗಿಯುತ್ತದೆ. ಆದರೆ ಆ ಹೆಚ್ಚುವರಿ ಕ್ರೇಟುಗಳ ಬಾಡಿಗೆಯನ್ನು ಟೈರು, ಜಾಯಿಂಟು, ಹಿಂದಿನ ಸ್ಪ್ರಿಂಗ್ ಪ್ಲೇಟುಗಳ ಖರ್ಚಿನ ಪಕ್ಕದಲ್ಲಿ ಬರೆದು ನೋಡಿ. ಕೆಳಗೆ ಇಳಿದಾಗ ಹಿಂದಿನ ಪ್ಲೇಟು ಮುರಿದಿದೆಯೇ, ಯು ಬೋಲ್ಟ್ ಸಡಿಲವಾಗಿದೆಯೇ ಎಂದೂ ನೋಡಿ. ಹಿಂದಿನ ಆಕ್ಸಲ್ ಸರಿದರೆ ಗಾಡಿ ಓರೆಯಾಗಿ ಓಡುತ್ತದೆ, ಮುಂದೆ ಎಷ್ಟು ಅಲೈನ್‌ಮೆಂಟ್ ಮಾಡಿದರೂ ನಿಲ್ಲುವುದಿಲ್ಲ. ಗಾಳಿಯನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗ, ಗಾಡಿಯ ಪುಸ್ತಕದಲ್ಲಿ ಲೋಡಿಗೆ ಹೇಳಿರುವಷ್ಟೇ ಹಾಕಿಸಿ.

ಅಲೈನ್‌ಮೆಂಟ್ ಮಾಡಿಸಿದಾಗ ಮೊದಲಿನ ಮತ್ತು ನಂತರದ ಅಳತೆಯ ಪ್ರಿಂಟ್ ಕೇಳಿ ಪಡೆಯಿರಿ. 500 ಕಿಲೋಮೀಟರ್ ಓಡಿಸಿದ ಮೇಲೆ ಹೊಸ ಟೈರಿನ ಮೇಲೆ ಮತ್ತೆ ಅಂಗೈ ಸವರಿ. ಒಂದು ದಿಕ್ಕಿನಲ್ಲಿ ಎಲ್ಲಾದರೂ ಗರಗಸ ತಡೆದರೆ ಆ ಪ್ರಿಂಟ್ ಹಿಡಿದುಕೊಂಡು ಅದೇ ಅಂಗಡಿಗೆ ವಾಪಸ್ ಹೋಗಿ.