ಗ್ರಹಣಕಾಲದಲ್ಲಿ ಮಕ್ಕಳು

ಸೂರ್ಯಗ್ರಹಣವು ಮುಂಬಯಿಯ ಆಸ್ತಿಕ ಗೃಹಸ್ಥರಿಗೆ ಪುಣ್ಯಕಾಲವೂ ಹೌದು, ಚಿಂತೆಯ ಕಾಲವೂ ಹೌದು. ಸ್ನಾನ, ಜಪ, ತರ್ಪಣಗಳು ನಡೆಯಬೇಕು. ಅದೇ ಹೊತ್ತಿಗೆ ತಾರಸಿಗೆ ಓಡಲು ಕಾದಿರುವ ಮಕ್ಕಳನ್ನೂ ಕಾಯಬೇಕು. 2019ರ ಡಿಸೆಂಬರ್ 26ರಂದು ಕಾಸರಗೋಡಿನ ಚೆರುವತ್ತೂರಿನಲ್ಲಿ ಕಂಕಣಗ್ರಹಣವಾದಾಗ ಇಲ್ಲಿ ಖಂಡಗ್ರಹಣವಾಯಿತು. ಬೆಳಿಗ್ಗೆ ಸುಮಾರು 8 ಗಂಟೆಗೆ ಸ್ಪರ್ಶ, 11ರೊಳಗೆ ಮೋಕ್ಷ. ಎರಡು ಕೋಣೆಯ ಮನೆಯಲ್ಲಿ ಅಷ್ಟು ಹೊತ್ತು ಪರದೆ ಎಳೆದು ಮಕ್ಕಳನ್ನು ಕೂಡಿಹಾಕುವುದು ಸಾಧ್ಯವೇ? ತಂದೆಯು ಜಪಕ್ಕೆ ಕಣ್ಣು ಮುಚ್ಚಿದೊಡನೆ ಮಗು ಪರದೆ ಸರಿಸುತ್ತದೆ.

ಮನುಸ್ಮೃತಿಯ 4ನೆಯ ಅಧ್ಯಾಯವು ಗ್ರಸ್ತನಾದ ಸೂರ್ಯನನ್ನೂ ನೀರಿನಲ್ಲಿ ಪ್ರತಿಬಿಂಬಿತನಾದ ಸೂರ್ಯನನ್ನೂ ನೋಡಕೂಡದೆಂದು ನಿಷೇಧಿಸುತ್ತದೆ. ಎರಡನೆಯ ನಿಷೇಧವು ಗಮನಾರ್ಹವಾದುದು. ಪಾತ್ರೆಯಲ್ಲಿ ಸೆಗಣಿನೀರು ತುಂಬಿ ಬಿಂಬ ನೋಡುವ ರೂಢಿ ಊರಲ್ಲಿ ಇತ್ತಷ್ಟೆ, ಅದೂ ಕ್ಷೇಮಕರವಲ್ಲ. ನೇತ್ರವೈದ್ಯರ ಮಾತೂ ಇದೇ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲ. ಅದು ಸುಟ್ಟರೂ ಮಗು ಅಳುವುದಿಲ್ಲ, ದೃಷ್ಟಿ ಮಸುಕಾದುದು ಗಂಟೆಗಳ ಬಳಿಕವೇ ತಿಳಿಯುತ್ತದೆ. ಎಳೆಯರ ಕಣ್ಣಿನ ಮಸೂರವು ತಿಳಿಯಾಗಿರುವುದರಿಂದ ಅಪಾಯವೂ ಹೆಚ್ಚು. ಎಕ್ಸ್‌ರೇ ಫಿಲ್ಮು, ಮಸಿ ಹಿಡಿಸಿದ ಗಾಜು, ತಂಪು ಕನ್ನಡಕ ಯಾವುದೂ ಸಲ್ಲದು.

ಹಾಗಾದರೆ ಮಕ್ಕಳಿಗೆ ತೋರಿಸುವುದೇನನ್ನು? ನೆರಳನ್ನು. ಸೂರ್ಯನಿಗೆ ಬೆನ್ನು ಮಾಡಿ ನಿಲ್ಲಿಸಿ, ಬೂಂದಿ ಕರಿಯುವ ತೂತಿನ ಸೌಟನ್ನು ಬಿಸಿಲಿಗೆ ಹಿಡಿದು ಗೋಡೆಯ ಮೇಲೆ ನೆರಳು ಬೀಳಿಸಿರಿ. ಒಂದೊಂದು ತೂತಿಗೂ ಒಂದೊಂದು ಪುಟ್ಟ ಬಿದಿಗೆಯ ಚಂದ್ರನಂಥ ಬೆಳಕು ಮೂಡುತ್ತದೆ. ಸೌಟು ಗೋಡೆಯಿಂದ 1 ಮೀಟರ್ ದೂರವಿದ್ದರೆ ಬಿಂಬದ ಅಗಲ ಸುಮಾರು 9 ಮಿಲಿಮೀಟರ್. ದೂರ ಹೆಚ್ಚಿದಷ್ಟೂ ಬಿಂಬ ದೊಡ್ಡದು, ಆದರೆ ಮಂದ. ಕಟ್ಟಡದ ಅಂಗಳದಲ್ಲಿ ಅಶ್ವತ್ಥವಿದ್ದರೆ ಸೌಟೂ ಬೇಡ. ಎಲೆಗಳ ಸಂದಿಯೇ ಆ ಕೆಲಸ ಮಾಡುತ್ತದೆ.

ರಾಹು ನುಂಗಿದನೋ, ಚಂದ್ರ ಅಡ್ಡ ಬಂದನೋ ಎಂದು ಮಗು ಕೇಳೀತು. ಗದರಿಸಬೇಡಿರಿ. ಭಾಗವತದ ಅಷ್ಟಮಸ್ಕಂಧದ ಅಮೃತಮಥನದ ಕಥೆಯನ್ನು ಹೇಳಿರಿ. ಚಂದ್ರಪಥವು ರವಿಪಥವನ್ನು ಛೇದಿಸುವ ಸ್ಥಾನವನ್ನೇ ರಾಹುವೆಂದು ಹಿಡಿದು ಪಂಚಾಂಗಕರ್ತರು ಗ್ರಹಣವನ್ನು ಗಣಿಸುತ್ತಾರೆಂಬುದನ್ನೂ ಹೇಳಿರಿ.

ಉಪವಾಸದಲ್ಲಿ ಬಾಲ, ವೃದ್ಧ, ಆತುರರಿಗೆ ಸಡಿಲಿಕೆಯುಂಟು. 2022ರ ಅಕ್ಟೋಬರ್ 25ರಂದು ಮುಂಬಯಿಯಲ್ಲಿ ಸೂರ್ಯನು ಗ್ರಸ್ತನಾಗಿಯೇ ಅಸ್ತನಾದನು. ಅಂಥ ಗ್ರಸ್ತಾಸ್ತದಲ್ಲಿ ಹಿರಿಯರು ಮರುದಿನ ಶುದ್ಧಬಿಂಬವನ್ನು ಕಂಡ ಮೇಲೆ ಉಣ್ಣುವುದು ನಿಯಮ. ಹಾಲುಗಲ್ಲದ ಕೂಸನ್ನು ಹಾಗೆ ಇರುಳಿಡೀ ಹಸಿದಿಡುವುದು ಧರ್ಮವಲ್ಲ.

2027ರ ಆಗಸ್ಟ್ 2ರಂದು ಮಧ್ಯಾಹ್ನದ ಬಳಿಕ ಇಲ್ಲಿ ಮತ್ತೆ ಖಂಡಗ್ರಹಣವಿದೆ. ಮಳೆಗಾಲವಾದ್ದರಿಂದ ಸೌಟಿಗೆ ಕೆಲಸವಿಲ್ಲದೆಯೂ ಹೋದೀತು. ಆದರೆ ಮೋಡದ ಸಂದಿಯಿಂದ ಇಣುಕುವ ಸೂರ್ಯನತ್ತಲೇ ಮಕ್ಕಳ ಕಣ್ಣು ಬೇಗ ಹೋಗುವುದು. ಹಿರಿಯರು ಜಪಕ್ಕೆ ಸರದಿ ಮಾಡಿಕೊಂಡು ಒಬ್ಬರಾದರೂ ಅವರ ಬಳಿ ಇರತಕ್ಕದ್ದು.