ಪುಟ್ಟ ಮಕ್ಕಳಿಗೆ ರಾಗಿ ಹೊಲ: ಶಾಲೆಯ ಟಿ.ವಿ., ಮೊಬೈಲ್ ಬಳಸಿ ಕಲಿಸುವುದು ಹೇಗೆ?

ರಾಜ್ಯದ ಸರ್ಕಾರಿ ಶಾಲೆಗಳ ಮಕ್ಕಳಿಗೆ 2013ರಿಂದ ಕ್ಷೀರಭಾಗ್ಯದ ಹಾಲು ಸಿಗುತ್ತಿದೆ. 2024ರಿಂದ ರಾಗಿ ಮಾಲ್ಟ್ ಕೂಡ ಸೇರಿದೆ. ಲೋಟ ಹಿಡಿದು ಸಾಲಿನಲ್ಲಿ ನಿಂತ ಒಂದನೇ ತರಗತಿಯ ಮಗುವನ್ನು ‘ಇದು ಎಲ್ಲಿಂದ ಬಂತು?’ ಎಂದು ಕೇಳಿದರೆ ‘ಅಡುಗೆ ಮನೆಯಿಂದ’, ‘ಪ್ಯಾಕೆಟ್ಟಿನಿಂದ’ ಎಂಬ ಉತ್ತರಗಳು ಬರುತ್ತವೆ. ಮಗು ಕಂಡದ್ದನ್ನೇ ಹೇಳುತ್ತಿದೆ, ಅದರಲ್ಲಿ ತಪ್ಪಿಲ್ಲ. ಪ್ಯಾಕೆಟ್ಟಿನ ಹಿಂದೆ ಏನಿತ್ತು ಎಂದು ಮಗುವಿನೊಂದಿಗೆ ಹುಡುಕುತ್ತಾ ಹೋಗುವುದೇ ಬೇಸಾಯದ ಮೊದಲ ಪಾಠ.

ಈಗ ಅನೇಕ ಶಾಲೆಗಳಲ್ಲಿ ಸ್ಮಾರ್ಟ್ ಟಿ.ವಿ. ಅಥವಾ ಪ್ರೊಜೆಕ್ಟರ್ ಇದೆ. ಶಿಕ್ಷಕರ ಕೈಯಲ್ಲಂತೂ ಸ್ಮಾರ್ಟ್‌ಫೋನ್ ಇದ್ದೇ ಇದೆ. ಒಂದರಿಂದ ಮೂರನೇ ತರಗತಿಯ ಮಕ್ಕಳಿಗೆ ಒಂದು ಇಡೀ ಹಂಗಾಮನ್ನು ಪರಿಚಯಿಸಲು ಇಷ್ಟು ಸಾಕು. ಒಂದು ಮಾತು ಮಾತ್ರ ಮೊದಲೇ ಮನಸ್ಸಿನಲ್ಲಿರಲಿ: ಕೈಗೆ ಸಿಗುವುದನ್ನು ತರಗತಿಗೇ ತನ್ನಿ, ಕಣ್ಣಿಗೆ ಸಿಗದಷ್ಟು ನಿಧಾನವಾದದ್ದು, ಸಣ್ಣದು, ದೂರದ್ದು ಮಾತ್ರ ಪರದೆಯ ಮೇಲೆ ಬರಲಿ. ರಾಗಿ ತೆನೆ, ಹುಲ್ಲು, ಒಣಗಿದ ಸಗಣಿ, ಹೊಲದ ಮಣ್ಣು ಇವನ್ನು ವಿಡಿಯೊದಲ್ಲಿ ತೋರಿಸುವುದು ಮಗುವಿನ ಕೈಗೆ ಮೋಸ ಮಾಡಿದಂತೆ.

ಸಿದ್ಧ ವಿಡಿಯೊಗಳ ವಿಷಯದಲ್ಲಿ ಎಚ್ಚರ ಬೇಕು. ಮಕ್ಕಳಿಗಾಗಿ ‘ಫಾರ್ಮ್’ ಎಂದು ಯೂಟ್ಯೂಬ್‌ನಲ್ಲಿ ಹುಡುಕಿದರೆ ಕೆಂಪು ಬಣ್ಣದ ಮರದ ಕೊಟ್ಟಿಗೆ, ಗುಲಾಬಿ ಹಂದಿ, ಟೋಪಿ ತೊಟ್ಟ ಬಿಳಿಯ ರೈತನ ಕಾರ್ಟೂನುಗಳು ಸಾಲುಗಟ್ಟುತ್ತವೆ. ಬೆಂಗಳೂರಿನ ಫ್ಲಾಟಿನಲ್ಲಿ ಬೆಳೆಯುವ ಮಗು ಹೊಲವೆಂದರೆ ಅದೇ ಎಂದು ನಂಬುತ್ತದೆ. ಕೋಲಾರದ ಹಳ್ಳಿಯ ಮಗುವಿಗೆ ತನ್ನ ಮನೆಯ ಹೊಲ ಪಾಠಕ್ಕೆ ತಕ್ಕುದಲ್ಲವೇನೋ ಅನ್ನಿಸಿಬಿಡುತ್ತದೆ. ಎರಡನೆಯದೇ ಹೆಚ್ಚು ನೋವಿನ ಸಂಗತಿ. ಆದ್ದರಿಂದ ಚಿತ್ರಗಳನ್ನು ನಾವೇ ತೆಗೆಯೋಣ.

ಜೂನ್‌ನಲ್ಲೇ ಒಂದು ಹೊಲ ಆರಿಸಿಕೊಳ್ಳಿ

ಮಳೆಯಾಶ್ರಿತ ರಾಗಿಯ ಬಿತ್ತನೆ ಜೂನ್, ಜುಲೈನಲ್ಲಿ. ಕುಯ್ಲು ನವೆಂಬರ್, ಡಿಸೆಂಬರ್ ಹೊತ್ತಿಗೆ. ಸುಮಾರು ನಾಲ್ಕು ತಿಂಗಳ ಈ ಬೆಳೆ ಶಾಲಾ ವರ್ಷದೊಳಗೇ ಬಿತ್ತಿ, ಬೆಳೆದು, ಕಣ ಸೇರುತ್ತದೆ. ಜೋಳದ ಸೀಮೆಯವರು ಜೋಳ, ಕರಾವಳಿಯವರು ಭತ್ತ ಆರಿಸಿಕೊಳ್ಳಬಹುದು, ಕ್ರಮ ಇದೇ.

ಶಾಲೆಗೆ ಹತ್ತಿರದ, ಸಾಧ್ಯವಾದರೆ ತರಗತಿಯ ಮಗುವೊಂದರ ಮನೆಯವರ ಹೊಲವನ್ನು ಗೊತ್ತು ಮಾಡಿ, ಅವರ ಒಪ್ಪಿಗೆ ಪಡೆಯಿರಿ. ಬದುವಿನ ಮೇಲೆ ಒಂದು ಕಲ್ಲು ನೆಟ್ಟು ಗುರುತು ಮಾಡಿ. ವಾರಕ್ಕೊಮ್ಮೆ ಅದೇ ಕಲ್ಲಿನ ಬಳಿ ನಿಂತು, ಅದೇ ಎತ್ತರದಲ್ಲಿ ಫೋನನ್ನು ಅಡ್ಡ ಹಿಡಿದು, ಅದೇ ದಿಕ್ಕಿಗೆ ಒಂದು ಫೋಟೊ ತೆಗೆಯಿರಿ. ಚಿತ್ರದ ಒಂದು ಅಂಚಿನಲ್ಲಿ ಬೇವಿನ ಮರವೋ ವಿದ್ಯುತ್ ಕಂಬವೋ ಪ್ರತಿ ಸಲ ಬರುವಂತಿದ್ದರೆ ಹೊಂದಿಸುವುದು ಸುಲಭ. ಬೆಳಗಿನ ಹೊತ್ತು, ಸೂರ್ಯ ಬೆನ್ನ ಹಿಂದಿರುವಾಗ ತೆಗೆದರೆ ಪೈರಿನ ಬಣ್ಣ ಸರಿಯಾಗಿ ಬರುತ್ತದೆ.

ಸುಗ್ಗಿಯ ಹೊತ್ತಿಗೆ ಹದಿನೆಂಟು ಇಪ್ಪತ್ತು ಚಿತ್ರಗಳಾಗುತ್ತವೆ. ಒಂದೊಂದನ್ನು ಎರಡು ಸೆಕೆಂಡು ತೋರಿಸಿದರೆ ಕೆಂಪು ನೆಲ ಹಸಿರಾಗಿ, ತೆನೆಗಟ್ಟಿ, ಕಂದು ಬಣ್ಣಕ್ಕೆ ತಿರುಗಿ, ಮತ್ತೆ ಬರಿ ಕೂಳೆಯಾಗುವುದು ಅರ್ಧ ನಿಮಿಷಕ್ಕೂ ಸ್ವಲ್ಪ ಹೆಚ್ಚಿನ ಹೊತ್ತಿನಲ್ಲಿ ಕಾಣುತ್ತದೆ. ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಇದ್ದರೆ ನಡುವೆ ಹಳದಿ ಗೆರೆಗಳು ಮೂಡುತ್ತವೆ. ಅದೇನೆಂದು ನೀವಾಗಿ ಹೇಳಬೇಡಿ. ಮಕ್ಕಳೇ ಕೇಳುತ್ತಾರೆ, ಅವರಲ್ಲೇ ಯಾರಿಗಾದರೂ ಉತ್ತರ ಗೊತ್ತಿರುತ್ತದೆ.

ಲೋಟದೊಳಗಿನ ಮೊಳಕೆ

ನನ್ನನ್ನು ಕೇಳಿದರೆ, ಒಂದೇ ಒಂದು ಚಟುವಟಿಕೆಗೆ ಸಮಯವಿದ್ದರೆ ಇದನ್ನೇ ಮಾಡಿ. ಗಾಜಿನ ಲೋಟದ ಒಳಬದಿಗೆ ಒದ್ದೆ ಕಾಗದ ಸುತ್ತಿ, ಗಾಜಿಗೂ ಕಾಗದಕ್ಕೂ ನಡುವೆ ರಾತ್ರಿ ನೆನೆಸಿದ ಹೆಸರುಕಾಳು, ರಾಗಿ ಎರಡನ್ನೂ ಇಡಿ. ರಾಗಿ ತೀರಾ ಚಿಕ್ಕದು. ಪಕ್ಕದಲ್ಲಿ ಹೆಸರುಕಾಳು ಇದ್ದರೆ ಬೇರು ಯಾವುದು, ಎಲೆ ಯಾವುದು ಎಂದು ಗುರುತಿಸುವುದು ಸುಲಭ. ಕಾಳು ಅಡುಗೆ ಮನೆಯದೇ ಆಗಿರಲಿ. ಬಿತ್ತನೆಗೆಂದು ಮಾರುವ ಬೀಜಕ್ಕೆ ಔಷಧ ಲೇಪಿಸಿರುತ್ತಾರೆ, ಅದನ್ನು ಮಕ್ಕಳ ಕೈಗೆ ಕೊಡಲೇಬಾರದು.

ಒಂದು ಹಳೆಯ ಫೋನನ್ನು ಎರಡು ಇಟ್ಟಿಗೆಗಳ ನಡುವೆ ಅಲುಗದಂತೆ ನಿಲ್ಲಿಸಿ ಚಾರ್ಜಿಗೆ ಹಾಕಿ. ಕರೆ ಬಂದು ಅಡ್ಡಿಯಾಗದಂತೆ ಏರೋಪ್ಲೇನ್ ಮೋಡ್‌ನಲ್ಲಿಡಿ. ಟೈಮ್‌ಲ್ಯಾಪ್ಸ್ ಆ್ಯಪ್‌ನಲ್ಲಿ ಹತ್ತು ನಿಮಿಷಕ್ಕೊಂದು ಚಿತ್ರ ಎಂದು ಹೊಂದಿಸಿದರೆ ದಿನಕ್ಕೆ 144, ಮೂರು ದಿನಕ್ಕೆ 432 ಚಿತ್ರಗಳು. ಸೆಕೆಂಡಿಗೆ 24ರಂತೆ ಓಡಿಸಿದರೆ ಹದಿನೆಂಟು ಸೆಕೆಂಡಿನ ವಿಡಿಯೊ. ಕಿಟಕಿಯ ಬೆಳಕು ಏರಿಳಿದು ಚಿತ್ರ ಮಿನುಗುತ್ತದೆ, ರಾತ್ರಿಯ ಚಿತ್ರಗಳು ಕಪ್ಪಾಗುತ್ತವೆ. ಆದ್ದರಿಂದ ಕೋಣೆಯ ಮೂಲೆಯಲ್ಲಿ ಒಂದು ಎಲ್‌ಇಡಿ ಬಲ್ಬ್ ಹಗಲೂ ರಾತ್ರಿ ಉರಿಯಲಿ.

ಇದು ನಡೆಯುತ್ತಿರುವಾಗಲೇ ನಾಲ್ಕು ಮಕ್ಕಳಿಗೆ ಒಂದರಂತೆ ಲೋಟ ಕೊಡಿ. ದಿನವೂ ನೋಡಿ ಚಿತ್ರ ಬರೆಯಲಿ. ನಾಲ್ಕನೆಯ ದಿನ ಟಿ.ವಿ. ಹಾಕುವ ಮೊದಲು ‘ಬೇರು ಮೊದಲು ಬಂತೋ ಎಲೆ ಮೊದಲು ಬಂತೋ?’ ಎಂದು ಕೇಳಿ, ಕೈ ಎತ್ತಿಸಿ, ಎಣಿಸಿ ಹಲಗೆಯ ಮೇಲೆ ಬರೆಯಿರಿ. ಆಮೇಲೆ ವಿಡಿಯೊ ಓಡಲಿ. ಬೇರು ಇಣುಕಿದ ಕಡೆ ನಿಲ್ಲಿಸಿ, ಮಕ್ಕಳ ಚಿತ್ರಗಳನ್ನು ಪಕ್ಕಕ್ಕೆ ಹಿಡಿದು ಹೋಲಿಸಿ. ತಾವು ಕಣ್ಣಾರೆ ಕಾದು ನೋಡಿದ್ದು ಪರದೆಯಲ್ಲಿ ಓಡುವಾಗ ಅದು ಮ್ಯಾಜಿಕ್ ಎನ್ನಿಸುವುದಿಲ್ಲ. ಕಾಯದೆ ಬರಿ ವಿಡಿಯೊ ನೋಡಿದ ಮಗುವಿಗೆ ಬೆಳೆ ಹದಿನೆಂಟು ಸೆಕೆಂಡಿನಲ್ಲಿ ಬರುತ್ತದೆ ಎಂಬ ಭಾವನೆ ಉಳಿದುಬಿಡುವ ಅಪಾಯವಿದೆ.

ಮರುದಿನ ಒಂದು ಲೋಟವನ್ನು ಪಕ್ಕಕ್ಕೆ ಮಲಗಿಸಿಡಿ, ಕಾಗದದ ತೇವ ಆರದಂತೆ ನೋಡಿಕೊಳ್ಳಿ. ಬೇರು ಮತ್ತೆ ನೆಲದತ್ತ ಬಾಗುತ್ತದೆ. ಇದನ್ನೂ ಫೋನಿನಲ್ಲಿ ಸೆರೆಹಿಡಿಯಬಹುದು.

ಸಣ್ಣದನ್ನು ದೊಡ್ಡದಾಗಿ ತೋರಿಸಲು ಫೋನಿಗೆ ಸಿಕ್ಕಿಸುವ ಕ್ಲಿಪ್ ಲೆನ್ಸ್ ಸಾಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಸಂಗಡಿಗರು ರೂಪಿಸಿದ ಫೋಲ್ಡ್‌ಸ್ಕೋಪ್ ಎಂಬ ಕಾಗದದ ಸೂಕ್ಷ್ಮದರ್ಶಕ ಸಿಕ್ಕಿದರೆ ಇನ್ನೂ ಒಳ್ಳೆಯದು.

ಹೊಲಕ್ಕೊಂದು ವಿಡಿಯೊ ಕಾಲ್

ಬಿತ್ತಿದ ಮೂರು ನಾಲ್ಕು ವಾರಕ್ಕೆ ಕಳೆ ತೆಗೆಯುವ ಕೆಲಸ ಇರುತ್ತದೆ. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೊಲದಲ್ಲಿ ಜನ ಇರುತ್ತಾರೆ, ಶಾಲೆಯ ವೇಳೆಗೂ ಸರಿಹೊಂದುತ್ತದೆ. ಹಿಂದಿನ ದಿನವೇ ಹೊಲದಲ್ಲಿ ನಿಂತು ಸಿಗ್ನಲ್ ಸಿಗುವ ಜಾಗ ನೋಡಿಕೊಳ್ಳಿ. ಮಾತಾಡುವವರ ಕೈಗೆ ಫೋನ್ ಕೊಡದೆ, ಹಿಡಿಯಲು ಇನ್ನೊಬ್ಬರನ್ನು ನಿಲ್ಲಿಸಿ. ಕೆಲಸ ಮಾಡುವ ಕೈಗಳೇ ಅಲ್ಲವೇ ಮಕ್ಕಳು ನೋಡಬೇಕಾದದ್ದು. ದನಗಳು ಹತ್ತಿರವಿದ್ದರೆ ಇಯರ್‌ಫೋನ್ ಇರಲಿ, ತರಗತಿಯ ಕೂಗಾಟಕ್ಕೆ ಅವು ಬೆದರುತ್ತವೆ.

ಯಾರನ್ನು ಮಾತಾಡಿಸಬೇಕು? ಸಾಮಾನ್ಯವಾಗಿ ಮನೆಯ ಯಜಮಾನನನ್ನು ಕರೆಯುತ್ತೇವೆ. ಕಳೆ, ನಾಟಿ, ಹಸನು ಮಾಡುವ ಕೆಲಸದ ಬಹುಪಾಲು ಹೆಂಗಸರದು. ಅವರನ್ನು ಕರೆಯಿರಿ. ‘ಅಜ್ಜೀ, ಕಳೆ ಯಾವುದು ತೋರಿಸಿ’ ಎಂದು ಮಗು ಕೇಳಿದಾಗ, ‘ನೋಡು ಕಂದಾ, ಇದು ರಾಗಿ, ಇದು ಹುಲ್ಲು’ ಎಂದು ಅವರು ಎರಡನ್ನೂ ಪಕ್ಕಪಕ್ಕ ಹಿಡಿಯಲಿ. ರಾಗಿ ಪೈರಿನಂತೆಯೇ ಕಾಣುವ ಹುಲ್ಲು ಹೊಲದಲ್ಲಿ ಇರುತ್ತದೆ. ಕ್ಯಾಮೆರಾ ಹತ್ತಿರ ಹೋದರೂ ಮಕ್ಕಳಿಗೆ ಬೇರ್ಪಡಿಸಲು ಬರುವುದಿಲ್ಲ. ಅಜ್ಜಿಯ ಕಣ್ಣಿನಲ್ಲಿ ಎಷ್ಟು ವಿದ್ಯೆಯಿದೆ ಎಂಬುದು ಆ ಕ್ಷಣದಲ್ಲಿ ಮಕ್ಕಳಿಗೆ ತಾನಾಗಿ ತಿಳಿಯುತ್ತದೆ.

ಪ್ರಶ್ನೆಗಳನ್ನು ಮಕ್ಕಳೇ ಹಿಂದಿನ ದಿನ ಸಿದ್ಧಮಾಡಲಿ, ಐದಾರು ಸಾಕು. ಕರೆ ಹದಿನೈದು ನಿಮಿಷ ಮೀರದಿರಲಿ, ಅದು ಅವರ ಕೆಲಸದ ಹೊತ್ತು. ಹಾಲು ಕರೆಯುವುದು ಶಾಲೆಯ ವೇಳೆಗೆ ಬರುವುದಿಲ್ಲವಾದ್ದರಿಂದ ಮೊದಲೇ ಚಿತ್ರೀಕರಿಸಿ ತರಬೇಕು.

ಚಿತ್ರವಿಲ್ಲದೆ ಬರಿ ಸದ್ದನ್ನು ಕೇಳಿಸುವ ಆಟವೂ ಮಕ್ಕಳಿಗೆ ಬಹಳ ಇಷ್ಟ. ಮೊಟ್ಟೆಯಿಟ್ಟ ಕೋಳಿಯ ಕೂಗು, ಕರುವನ್ನು ಕರೆಯುವ ಹಸು, ಪಂಪ್‌ಸೆಟ್, ಮೊರದಲ್ಲಿ ರಾಗಿ ಕೇರುವುದು, ಹೀಗೆ ಹತ್ತು ಹತ್ತು ಸೆಕೆಂಡು ರೆಕಾರ್ಡ್ ಮಾಡಿ ಸ್ಪೀಕರಿನಲ್ಲಿ ಹಾಕಿ. ಖಾಲಿ ಪಾತ್ರೆಗೆ ಬೀಳುವ ಹಾಲಿನ ಧಾರೆಯ ಸದ್ದು ಬೇರೆ, ನೊರೆ ತುಂಬಿದ ಮೇಲಿನ ಸದ್ದು ಬೇರೆ. ಎರಡನ್ನೂ ಹಿಂದುಮುಂದಾಗಿ ಕೇಳಿಸಿ, ಯಾವುದು ಮೊದಲು ಎಂದು ಕೇಳಿ.

ಮಳೆ, ಬೆಲೆ, ಸಾವು

ಬೇಸಾಯವನ್ನು ಬರಿ ಹಸಿರು, ಹಾಡು, ಕರುವಿನ ಮುದ್ದು ಎಂದು ತೋರಿಸಿದರೆ ಅರ್ಧ ಮಾತ್ರ ತೋರಿಸಿದಂತೆ. ಸೋಮವಾರ ಬೆಳಿಗ್ಗೆ ಮೇಘದೂತ ಆ್ಯಪ್‌ನಲ್ಲಿ ನಿಮ್ಮ ಜಿಲ್ಲೆಯ ಹವಾಮಾನ ಮುನ್ಸೂಚನೆ ತೆರೆದು, ಮೋಡವೋ ಬಿಸಿಲೋ ಎಂದು ಮಕ್ಕಳಿಂದ ಚಾರ್ಟಿನಲ್ಲಿ ಬರೆಸಿ. ಮಳೆ ಕೈಕೊಟ್ಟ ವಾರ ಹೊಲದ ಫೋಟೊದಲ್ಲಿ ಪೈರು ಬಾಡಿದ್ದು ಕಾಣಿಸಿದರೆ ಮುಚ್ಚಿಡಬೇಡಿ. ಮೂರನೇ ತರಗತಿಯವರಾದರೆ ಲೆಕ್ಕವನ್ನೂ ಮಾಡಿಸಬಹುದು. 2025–26ನೇ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ. ಅಂದರೆ ಕಿಲೊಗೆ ಹೆಚ್ಚುಕಡಿಮೆ 49 ರೂಪಾಯಿ. ಅಂಗಡಿಯ ರಾಗಿ ಹಿಟ್ಟಿನ ಪ್ಯಾಕೆಟ್ಟಿನ ಫೋಟೊ ಪಕ್ಕದಲ್ಲಿಟ್ಟು ಬೆಲೆ ಓದಿಸಿ. ನಡುವಿನ ಹಣ ಯಾರ್‍ಯಾರಿಗೆ ಹೋಗಿರಬಹುದು ಎಂದು ಅವರೇ ಯೋಚಿಸಲಿ.

‘ಕೋಳಿಯನ್ನು ಆಮೇಲೆ ಏನು ಮಾಡುತ್ತಾರೆ?’, ‘ಗಂಡು ಕರು ಎಲ್ಲಿಗೆ ಹೋಯಿತು?’ ಎಂಬ ಪ್ರಶ್ನೆಗಳೂ ಬರುತ್ತವೆ. ನಿಜವನ್ನು ಚಿಕ್ಕದಾಗಿ, ಮೆದುವಾಗಿ ಹೇಳಿ. ಕೇಳಿದಷ್ಟಕ್ಕೆ ಉತ್ತರ ಸಾಕು.

ಕಣಕ್ಕೆ ಹೋಗುವ ದಿನ

ಕುಯ್ಲಿನ ಹೊತ್ತಿಗೆ ಒಂದು ದಿನ ಮಕ್ಕಳನ್ನು ಹೊಲಕ್ಕೇ ಕರೆದೊಯ್ಯಬೇಕು. ಇದುವರೆಗಿನ ಚಿತ್ರ, ಸದ್ದು, ಕರೆ ಎಲ್ಲವೂ ಆ ದಿನದ ತಯಾರಿ. ಮೈ ತುಂಬ ಬಟ್ಟೆ, ಕಾಲಿಗೆ ಶೂ ಇರಲಿ. ಮೆದೆಯ ಸಂದಿನಲ್ಲಿ ಹಾವು ಇರಬಹುದು, ಕೈಹಾಕಲು ಬಿಡಬೇಡಿ. ಒಕ್ಕಣೆ ಯಂತ್ರ ನಡೆಯುತ್ತಿದ್ದರೆ ದೂರದಿಂದಲೇ ನೋಡಲಿ. ಅಂದು ಫೋನ್ ನಿಮ್ಮ ಜೇಬಿನಲ್ಲೇ ಇರಲಿ. ಕಲ್ಲಿನ ಬಳಿ ನಿಂತು ಕೊನೆಯ ಫೋಟೊ ತೆಗೆಯುವಾಗ ಮಾತ್ರ ಹೊರಗೆ ಬಂದರೆ ಸಾಕು.

ರೈತರ, ಮಕ್ಕಳ ಮುಖವಿರುವ ಚಿತ್ರಗಳನ್ನು ಕೇಳದೆ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಹಾಕಬೇಡಿ. ಸಿದ್ಧವಾದ ವಿಡಿಯೊವನ್ನು ಹೊಲದವರಿಗೆ ತಪ್ಪದೆ ಕಳಿಸಿ. ವರ್ಷ, ಬೆಳೆ, ಊರಿನ ಹೆಸರು ಬರೆದ ಫೋಲ್ಡರಿನಲ್ಲಿ ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿ, ಒಂದು ಪ್ರತಿಯನ್ನು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿಡಿ. ನಿಮಗೆ ವರ್ಗಾವಣೆಯಾದರೂ ಮುಂದಿನ ವರ್ಷ ಬರುವ ಶಿಕ್ಷಕರು ಅದೇ ಕಲ್ಲಿನ ಬಳಿ ನಿಂತು ಫೋಟೊ ತೆಗೆದು, ಎರಡು ವರ್ಷಗಳ ಆಗಸ್ಟ್ ತಿಂಗಳನ್ನು ಪಕ್ಕಪಕ್ಕ ತೋರಿಸಬಹುದು.